ಮಗುವಿಗೆ ರಕ್ತ ಕ್ಯಾನ್ಸರ್ ಅನುಮಾನ: ಸರ್ಕಾರದ ಹಣ ಯಾವ ದಾರೀಲಿ ಸಿಗುತ್ತೆ? (ಮಂಡ್ಯ–ಮೈಸೂರು)

ಪಾಂಡವಪುರ_ಆಶಾ
ಎಲ್ಲರಿಗೂ ನಮಸ್ಕಾರ. ನಮ್ಮ ವ್ಯಾಪ್ತಿಯ ಹಳ್ಳಿಯಲ್ಲಿ ಆರು ವರ್ಷದ ಹುಡುಗ. ರಕ್ತ ಪರೀಕ್ಷೆಯಲ್ಲಿ ಬ್ಲಾಸ್ಟ್ (ಬಲಿಯದ ರಕ್ತಕೋಶ) ಕಂಡಿದೆ, ಎಎಲ್‌ಎಲ್ (ಒಂದು ಬಗೆಯ ರಕ್ತ ಕ್ಯಾನ್ಸರ್) ಇರಬಹುದು ಅಂದಿದ್ದಾರೆ. ಬೋನ್ ಮ್ಯಾರೋ (ಮೂಳೆ ಮಜ್ಜೆ) ಪರೀಕ್ಷೆ ಇನ್ನೂ ಆಗಿಲ್ಲ. ಬಿಪಿಎಲ್ ಕಾರ್ಡ್ ಇದೆ, ಆದರೆ ಹುಡುಗನ ಹೆಸರು ಅದರಲ್ಲಿ ಸೇರಿಸಿಲ್ಲ. ಅಪ್ಪ ಗಾರೆ ಕೆಲಸ. ಒಂದು ಖಾಸಗಿ ಆಸ್ಪತ್ರೆಯಲ್ಲಿ ಮುಂಗಡ ಕೇಳಿದ್ದಾರೆ. ಸಾಲ ಮಾಡಿ ಕಟ್ಟಿ, ಆಮೇಲೆ ಸರ್ಕಾರದಿಂದ ವಾಪಸ್ ತಗೋಬಹುದು ಅಂತ ನೆಂಟರು ಹೇಳ್ತಿದ್ದಾರೆ. ಹಾಗೆ ಬರುತ್ತಾ?

ಯೋಜನೆ_ಕೌಂಟರ್
ಬರಲ್ಲ ಮೇಡಂ. ಮೊದಲು ಆ ಸಾಲ ನಿಲ್ಲಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಹಣ ಹೋಗೋದು ಆಸ್ಪತ್ರೆಗೆ, ಅದೂ ಚಿಕಿತ್ಸೆಗೆ ಮುಂಚೆ ಪ್ರೀ-ಆಥ್ (ಯೋಜನೆಯ ಒಪ್ಪಿಗೆ) ಆಗಿದ್ದರೆ ಮಾತ್ರ. ಕೈಯಿಂದ ಕಟ್ಟಿದ ಬಿಲ್ ಹಿಡ್ಕೊಂಡು, ಈ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ ಹೋದರೆ ಏನೂ ಸಿಗಲ್ಲ. ಕೀಮೋಗೆ ಸೈಕಲ್ (ಒಂದು ಸುತ್ತಿನ ಔಷಧಿ) ಲೆಕ್ಕದಲ್ಲಿ ಪ್ಯಾಕೇಜ್ (ಯೋಜನೆ ಕೊಡುವ ನಿಗದಿ ಮೊತ್ತ). ಹಾಗಾಗಿ ಪ್ರತಿ ಸೈಕಲ್‌ಗೂ ಹೊಸ ಪ್ರೀ-ಆಥ್. ಮೊದಲನೆಯದು ಪಾಸಾಯ್ತು ಅಂತ ಎರಡನೆಯದಕ್ಕೆ ಆರೋಗ್ಯ ಮಿತ್ರರ (ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವವರ) ಹತ್ತಿರ ಹೋಗದೆ ಸೀದಾ ವಾರ್ಡ್‌ಗೆ ಹೋಗ್ತಾರೆ, ಅಲ್ಲೇ ಎಡವಟ್ಟು.

ಬಿಪಿಎಲ್‌ಗೆ ಮಿತಿ ವರ್ಷಕ್ಕೆ 5 ಲಕ್ಷ. ಅದು ಇಡೀ ಕುಟುಂಬಕ್ಕೆ ಸೇರಿ, ಮಗುವಿಗೊಂದೇ ಅಲ್ಲ. ಎಪಿಎಲ್‌ಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ವರ್ಷಕ್ಕೆ 1.5 ಲಕ್ಷ ದಾಟಲ್ಲ. ರೇಷನ್ ಕಾರ್ಡ್‌ನಲ್ಲಿ ಹೆಸರಿಲ್ಲದ ಮಗುವನ್ನು ಸಿಸ್ಟಂ ಎಪಿಎಲ್ ಸಾಲಿಗೆ ತಳ್ಳುತ್ತೆ. ಅದಕ್ಕೇ ಹೆಸರು ಸೇರ್ಪಡೆ ಇವತ್ತೇ ಶುರು ಮಾಡಿ: ಮಗುವಿನ ಆಧಾರ್, ಜನನ ಪ್ರಮಾಣಪತ್ರ, ಮೂಲ ಕಾರ್ಡ್ ತಗೊಂಡು ಗ್ರಾಮ ಒನ್‌ಗೆ ಹೋಗಿ. ಸೇರ್ಪಡೆ ಅರ್ಜಿ ಎಲ್ಲಾ ಕಾಲದಲ್ಲೂ ತೆಗೆದಿರಲ್ಲ. ಮುಚ್ಚಿದ್ದರೆ ತಾಲ್ಲೂಕು ಕಚೇರಿಯ ಆಹಾರ ನಿರೀಕ್ಷಕರಿಗೆ ವೈದ್ಯಕೀಯ ತುರ್ತು ಅಂತ ಅರ್ಜಿ ಬರೆದು, ಆಸ್ಪತ್ರೆಯ ಪತ್ರ ಲಗತ್ತಿಸಿ.

ರೆಫರಲ್: ಮಂಡ್ಯದ ಮಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು) ಅಥವಾ ಮೈಸೂರಿನ ಚೆಲುವಾಂಬ ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರಿಗೆ ತೋರಿಸಿ ಅಲ್ಲಿಂದಲೇ ಪತ್ರ ಬರೆಸಿ. ಖಾಸಗಿ ವೈದ್ಯರ ಚೀಟಿ ನಡೆಯಲ್ಲ. ತುರ್ತು ಸ್ಥಿತಿಯಿದ್ದರೆ ಮಾತ್ರ ರೆಫರಲ್ ಇಲ್ಲದೆ ಯೋಜನೆಯಲ್ಲಿರುವ ಆಸ್ಪತ್ರೆಗೆ ನೇರ ಹೋಗಬಹುದು. ಗೊಂದಲವಾದರೆ 104ಕ್ಕೆ ಫೋನ್ ಮಾಡಿ.

ಮಕ್ಕಳ_ವಾರ್ಡ್
ದುಡ್ಡಿಗಿಂತ ಮುಂಚೆ ಒಂದು ಮಾತು. ಮ್ಯಾರೋ ಪರೀಕ್ಷೆ ಆಗೋ ತನಕ ಊರ ಡಾಕ್ಟರ್ ಜ್ವರಕ್ಕೋ ಕೀಲು ನೋವಿಗೋ ಅಂತ ಡೆಕ್ಸಾ, ಪ್ರೆಡ್ನಿಸೊಲೋನ್ ಥರದ ಸ್ಟೀರಾಯ್ಡ್ ಕೊಡದ ಹಾಗೆ ನೋಡ್ಕೊಳ್ಳಿ. ಎಎಲ್‌ಎಲ್ ಕೋಶಗಳು ಸ್ಟೀರಾಯ್ಡ್‌ಗೆ ಬೇಗ ಕರಗಿಬಿಡ್ತವೆ. ಎರಡು ಮೂರು ದಿನ ಆರಾಮಾದ ಹಾಗೆ ಕಾಣುತ್ತೆ, ಆಮೇಲೆ ಮ್ಯಾರೋ ಸ್ಲೈಡ್ ಓದಿ ರೋಗ ಹೇಳೋದು ಕಷ್ಟ. ರೋಗ ಯಾವುದು ಅಂತ ಕಾಗದದ ಮೇಲೆ ಬರದಿದ್ದರೆ ಪ್ರೀ-ಆಥ್ ಕೂಡ ಆಗಲ್ಲ. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡಬೇಡಿ, ಡೋಸು, ತಾರೀಕು ಬರೆದುಕೊಡಿ.

ಚಿಕಿತ್ಸೆ ಎರಡರಿಂದ ಎರಡೂವರೆ ವರ್ಷ. ಜನ ಮೊದಲ ಕೆಲವು ತಿಂಗಳ ಖರ್ಚು ನೋಡಿ ಹೆದರ್ತಾರೆ, ಆದರೆ ನಡುವೆ ಬಿಟ್ಟು ಹೋಗೋದು ಮೇಂಟೆನೆನ್ಸ್ (ಮನೆಯಲ್ಲೇ ಮಾತ್ರೆ ನುಂಗುವ ಕೊನೆಯ) ಹಂತದಲ್ಲಿ. ಮಗು ಆಡ್ಕೊಂಡು ಓಡ್ಕೊಂಡು ಇರುತ್ತೆ, ಹಾಗಾಗಿ ವಾಸಿಯಾಯ್ತು ಅನ್ನಿಸಿಬಿಡುತ್ತೆ. ಆಗ ಮನೆಯಲ್ಲಿ ಎರಡು ಮಾತ್ರೆ: 6-ಎಂಪಿ (ಮರ್ಕ್ಯಾಪ್ಟೊಪ್ಯೂರಿನ್) ದಿನಾ, ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಮೆಥೊಟ್ರೆಕ್ಸೇಟನ್ನು ದಿನಾ ಕೊಟ್ಟರೆ ಬಾಯೆಲ್ಲ ಹುಣ್ಣಾಗಿ ರಕ್ತಕಣ ಕುಸಿಯುತ್ತೆ, ಜೀವಕ್ಕೇ ಅಪಾಯ. ಸ್ಟ್ರಿಪ್ ಮೇಲೆ ಮಾರ್ಕರ್‌ನಲ್ಲಿ 'ಸೋಮವಾರ ಮಾತ್ರ' ಅಂತ ಬರೆದು ಬೇರೆ ಡಬ್ಬಿಯಲ್ಲಿಡಿಸಿ. ಅಜ್ಜಿ ಕೊಡೋರಾದರೆ ಅಜ್ಜಿಗೂ ಹೇಳಿ.

ಕೀಮೋ ನಡೆಯುವಾಗ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ. ಬಿಳಿ ರಕ್ತಕಣ ಕಡಿಮೆಯಿದ್ದಾಗ ಸೋಂಕು ಗಂಟೆಗಳಲ್ಲಿ ಏರುತ್ತೆ. ಹತ್ತಿರದ ದೊಡ್ಡಾಸ್ಪತ್ರೆಗೆ ಹೋಗಿ, ಬಾಗಿಲಲ್ಲೇ 'ಕೀಮೋ ಮಗು' ಅಂತ ಹೇಳಿ. ಒಂದು ಗಂಟೆಯೊಳಗೆ ನರಕ್ಕೆ ಆ್ಯಂಟಿಬಯಾಟಿಕ್ ಬೀಳಬೇಕು.

ಅರ್ಜಿ_ನಮೂನೆ
ಪ್ಯಾಕೇಜ್ ಹೊರಗಿನ ಖರ್ಚಿಗೆ ಬೇರೆ ದಾರಿಗಳಿವೆ. ಅಪ್ಪ ಗಾರೆ ಕೆಲಸ ಅಂದ್ರಲ್ಲ, ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಇದೆಯಾ? ನವೀಕರಣ ಆಗಿದ್ದರೆ 'ಕಾರ್ಮಿಕ ಚಿಕಿತ್ಸಾ ಭಾಗ್ಯ'ದಲ್ಲಿ ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗೆ 2 ಲಕ್ಷದವರೆಗೆ, ಅವಲಂಬಿತರಿಗೂ ಸಿಗುತ್ತೆ. ಇದಕ್ಕೆ ಮೂಲ ಬಿಲ್ ಬೇಕು. ಜೆರಾಕ್ಸ್ ಇಟ್ಟುಕೊಂಡೇ ಮೂಲ ಕೊಡಿ.

ಮುಖ್ಯಮಂತ್ರಿ ಪರಿಹಾರ ನಿಧಿಗೆ ನಾಡಕಚೇರಿಯ ಆದಾಯ ಪ್ರಮಾಣಪತ್ರ, ಆಸ್ಪತ್ರೆಯ ಅಂದಾಜು ಪಟ್ಟಿ ಅಥವಾ ಬಿಲ್, ಪಾಸ್‌ಬುಕ್ ಪ್ರತಿ ಬೇಕು. ಜೊತೆಗೆ ಶಾಸಕರ ಪತ್ರ ಇದ್ದರೆ ಒಳ್ಳೆಯದು. ಎಷ್ಟು ಕೊಡ್ತಾರೆ ಅನ್ನೋದು ಅವರ ವಿವೇಚನೆ, ಅದನ್ನೇ ನಂಬಿ ಕೂರಬೇಡಿ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಓಡಾಡಬೇಕಾಗಿ ಬಂದರೆ ಅಮ್ಮನಿಗೆ ಶಕ್ತಿ ಯೋಜನೆಯಲ್ಲಿ ಬಸ್ ಉಚಿತ, ಹುಡುಗನಿಗೆ ಅನ್ವಯಿಸಲ್ಲ. ಹುಡುಗನಿಗೆ ರೈಲೇ ಮೇಲು: ಕ್ಯಾನ್ಸರ್ ರೋಗಿಗೆ ಸೆಕೆಂಡ್ ಕ್ಲಾಸ್‌ನಲ್ಲಿ ಶೇ. 75 ರಿಯಾಯಿತಿ, ಜೊತೆಗಿರುವ ಒಬ್ಬರಿಗೂ ಅಷ್ಟೇ. ಆಸ್ಪತ್ರೆ ತುಂಬಿ ಸೀಲು ಹಾಕಿದ ನಮೂನೆಯನ್ನು ಸ್ಟೇಷನ್ ಕೌಂಟರ್‌ನಲ್ಲಿ ತೋರಿಸಬೇಕು.

ಸರಸ್ವತಿಪುರಂ_ಓದುಗ
ಸ್ವಲ್ಪ ಆಚೆಯ ಪ್ರಶ್ನೆ. ಚಿಕಿತ್ಸೆಗೆ ಇಷ್ಟೆಲ್ಲ ಇದೆ, ಸಂಶೋಧನೆಗೆ ರಾಜ್ಯ ಏನಾದರೂ ಕೊಡುತ್ತಾ?

ಯೋಜನೆ_ಕೌಂಟರ್
ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ವಿಷನ್ ಗ್ರೂಪ್ ಕಾಲೇಜು ಅಧ್ಯಾಪಕರಿಗೆ ಅನುದಾನ ಕೊಡುತ್ತೆ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯವೂ ತನ್ನ ಅಧೀನ ಕಾಲೇಜುಗಳಿಗೆ ಕೊಡುತ್ತೆ, ಅಂದರೆ ಮೈಸೂರು ಮೆಡಿಕಲ್ ಕಾಲೇಜು, ಮಿಮ್ಸ್ ಎರಡಕ್ಕೂ ಅರ್ಜಿ ಹಾಕೋ ಹಕ್ಕಿದೆ. ನನ್ನ ಕೇಳಿದರೆ ಹೊಸ ಔಷಧಿಗಿಂತ ಮೊದಲು ಮಾಡಬೇಕಾದ ಅಧ್ಯಯನ ಒಂದಿದೆ: ಈ ಎರಡು ಜಿಲ್ಲೆಗಳಿಂದ ಚಿಕಿತ್ಸೆ ಶುರು ಮಾಡಿದ ಎಷ್ಟು ಮಕ್ಕಳು, ಯಾವ ತಿಂಗಳಲ್ಲಿ, ಯಾಕೆ ಬಿಟ್ಟರು ಅಂತ. ಒಬ್ಬ ಕ್ಷೇತ್ರ ಸಹಾಯಕ, ಒಂದು ಫೋನು ಸಾಕು. ಅಂಥ ಅರ್ಜಿ ಪುಟ್ಟದಾಗಿ ಕಾಣುತ್ತೆ ಅಂತಲೋ ಏನೋ, ಯಂತ್ರ ಕೊಳ್ಳೋ ಅರ್ಜಿಗಿರೋ ಹುಮ್ಮಸ್ಸು ಇದಕ್ಕಿಲ್ಲ.

ಪಾಂಡವಪುರ_ಆಶಾ
ತುಂಬಾ ಉಪಕಾರ. ನಾಳೆ ಬೆಳಿಗ್ಗೆ ಮಿಮ್ಸ್‌ಗೆ ಕಳಿಸ್ತೀನಿ. ಸ್ಟೀರಾಯ್ಡ್ ಕೊಟ್ಟಿಲ್ಲ ಅಂತ ಚೀಟಿ ನೋಡಿ ಖಚಿತ ಮಾಡ್ಕೊಂಡೆ. ಇನ್ನೊಂದು ತೊಡಕು: ಜನನ ಪ್ರಮಾಣಪತ್ರದಲ್ಲಿ ಹುಡುಗನ ಹೆಸರಿನ ಜಾಗ ಖಾಲಿ ಇದೆ.

ಅರ್ಜಿ_ನಮೂನೆ
ಸಾಮಾನ್ಯ. ಹುಟ್ಟಿದಾಗ ನೋಂದಣಿ ಮಾಡಿಸಿ ಹೆಸರು ಆಮೇಲೆ ಅಂತ ಬಿಟ್ಟಿರ್ತಾರೆ. ನೋಂದಣಿಯಾಗಿ 15 ವರ್ಷದೊಳಗೆ ಹೆಸರು ಸೇರಿಸಬಹುದು, ಮೊದಲ 12 ತಿಂಗಳು ದಾಟಿದ್ದರಿಂದ ಸಣ್ಣ ಶುಲ್ಕ ಇರುತ್ತೆ. ಜನನ ಎಲ್ಲಿ ನೋಂದಣಿ ಆಗಿದೆಯೋ ಆ ನೋಂದಣಾಧಿಕಾರಿ ಹತ್ತಿರವೇ ಹೋಗಬೇಕು, ಬೇರೆ ಕಡೆ ಆಗಲ್ಲ. ಹೋಗುವಾಗ ಹುಡುಗನ ಆಧಾರ್ ಜೊತೆಗಿರಲಿ. ಅದರಲ್ಲಿರೋ ಅಕ್ಷರ, ಇನಿಷಿಯಲ್ ಹೇಗಿದೆಯೋ ಹಾಗೇ ಬರೆಸಿ. ಒಂದು ಅಕ್ಷರ ಆಚೀಚೆಯಾದರೂ ರೇಷನ್ ಕಾರ್ಡ್ ಅರ್ಜಿ ಅಲ್ಲೇ ನಿಲ್ಲುತ್ತೆ.