ಹಳ್ಳಿಕಾರ್ ಹಸುವಿನ ಆಟಿಕೆ ಎಲ್ಲಾದರೂ ಸಿಗುತ್ತಾ?

ಮೂರನೇ ಮಹಡಿ ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗಳಿಗೆ ಮೂರೂವರೆ ವರ್ಷ. ಹೋದ ವರ್ಷ ಹುಟ್ಟುಹಬ್ಬಕ್ಕೆ ಆನ್‌ಲೈನ್‌ನಲ್ಲಿ ಒಂದು ಸಾಕುಪ್ರಾಣಿಗಳ ಸೆಟ್ ತರಿಸಿದ್ದೆ. ಕಪ್ಪು ಬಿಳಿ ಹಸು, ಗುಲಾಬಿ ಹಂದಿ, ಮೈತುಂಬ ಉಣ್ಣೆಯ ಬಿಳಿ ಕುರಿ, ಕುದುರೆ, ಬಾತುಕೋಳಿ, ಜೊತೆಗೆ ಒಂದು ಕೆಂಪು ಬಣ್ಣದ ಮನೆ. ದಿನಾ ಅದರಲ್ಲೇ ಆಟ. ಯುಗಾದಿಗೆ ನಾಗಮಂಗಲದ ಹತ್ತಿರ ನಮ್ಮತ್ತೆ ಊರಿಗೆ ಹೋದಾಗ ಪಕ್ಕದ ಮನೆಯವರ ಹಳ್ಳಿಕಾರ್ ಹಸು ನೋಡಿ "ಅಮ್ಮಾ, ಜಿಂಕೆ!" ಅಂದಳು. ಬೂದು ಬಣ್ಣ, ಹಿಂದಕ್ಕೆ ಹೋದ ಉದ್ದ ಕೊಂಬು, ಅವಳ ತಪ್ಪೇನಿಲ್ಲ ಬಿಡಿ. ಆದರೆ ನಮ್ಮ ಮಾವ ಎರಡು ದಿನ ಬಂದವರಿಗೆಲ್ಲ ಅದನ್ನೇ ಹೇಳಿ ಹೇಳಿ ನಕ್ಕರು. ನನಗೆ ಸ್ವಲ್ಪ ಚುಚ್ಚಿತು.

ಡುಬ್ಬ ಇರುವ ಹಸು, ಜೋಡೆತ್ತು, ಎಮ್ಮೆ, ನಮ್ಮ ಕಡೆಯ ಕುರಿ, ಇವೆಲ್ಲ ನಿಜದ ಹಾಗೇ ಕಾಣುವಂಥವು ಎಲ್ಲಾದರೂ ಸಿಗುತ್ತವಾ? ಚಿಕ್ಕವನಿಗೆ ಹತ್ತು ತಿಂಗಳು, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಅದನ್ನೂ ನೋಡಿಕೊಂಡು ಹೇಳಿ.

ಗೊಂಬೆಪೆಟ್ಟಿಗೆ:

ನಾನೂ ಇದೇ ಹುಡುಕಾಟದಲ್ಲಿ ದುಡ್ಡು ಕಳೆದವಳು. ಜರ್ಮನಿಯ ಶ್ಲೈಕ್, ಫ್ರಾನ್ಸಿನ ಪಾಪೊ, ಇವರ ಪ್ರಾಣಿಗಳು ನೋಡೋಕೆ ತುಂಬಾ ಚೆನ್ನಾಗಿವೆ. ಕೆಚ್ಚಲು, ಗೊರಸು, ಕಿವಿಯ ಒಳಗಿನ ಬಣ್ಣ ಎಲ್ಲ ಸರಿಯಾಗಿರುತ್ತೆ. ಆದರೆ ಒಂದೇ ಹಸುವಿಗೆ ನಾನು ಕೊಟ್ಟಿದ್ದು 800 ಚಿಲ್ಲರೆ. ಹೊರಗಿಂದ ಬರುವ ಆಟಿಕೆಗಳ ಮೇಲಿನ ಸುಂಕ 2020ರಲ್ಲಿ 20ರಿಂದ 60 ಪರ್ಸೆಂಟ್ ಆಯಿತು, 2023ರಲ್ಲಿ 70. ಅದಕ್ಕೇ ಈ ರೇಟು. ಇಷ್ಟಾದರೂ ಅದರಲ್ಲಿರೋದು ಅವರ ಊರಿನ ಹಸುವೇ.

ಐವತ್ತು ರೂಪಾಯಿಯ ಪ್ಯಾಕೆಟ್ ಮಾತ್ರ ಬೇಡ. ಅದರಲ್ಲಿ ಕೋಳಿಯೂ ಹಸುವಿನಷ್ಟೇ ದೊಡ್ಡದು, ಮೂಸಿದರೆ ಸೀಮೆಎಣ್ಣೆ ವಾಸನೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ಡಬ್ಬಿ ತಿರುಗಿಸಿ ನೋಡಿ. ಚನ್ನಪಟ್ಟಣದ ಗೊಂಬೆಯಲ್ಲಿ ಅದು ಕಾಣಿಸದಿದ್ದರೆ ಗಾಬರಿಯಾಗಬೇಡಿ, ಜಿಐ ಟ್ಯಾಗ್ (ಇಂಥ ಊರಿನದೇ ಅನ್ನುವ ಭೌಗೋಳಿಕ ಗುರುತು) ಇರುವ ಆಟಿಕೆಗಳಿಗೆ ಆ ನಿಯಮದಿಂದ ವಿನಾಯಿತಿ ಇದೆ. ಆಲೆ ಮರ, ಅರಗಿನ ಬಣ್ಣ, ಚಿಕ್ಕವನ ಕೈಗೆ ಒಳ್ಳೆಯದೇ. ಆದರೆ ಅದು ಕಡೆದು ಮಾಡಿದ ದುಂಡು ಗೊಂಬೆ, ನೀವು ಕೇಳಿದ ಹಾಗೆ ನಿಜದ ರೂಪ ಬರೋದಿಲ್ಲ.

ಬಾಯಿಗೆ ಹಾಕುವ ಮಕ್ಕಳಿಗೆ ಚಿಕ್ಕ ಸಾಮಾನು ಎಷ್ಟು ಅಪಾಯ ಅಂತ ನೋಡೋಕೆ ಸುಮಾರು 32 ಮಿಲಿಮೀಟರ್ ಅಗಲದ ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿದುಹೋಗುವ ಕೋಳಿಮರಿ, ಹಂದಿಮರಿ ಎಲ್ಲ ಸದ್ಯಕ್ಕೆ ಅಟ್ಟಕ್ಕೆ ಹಾಕಿ. ಅದುಮಿದರೆ ಪೀಂಯ್ ಅನ್ನುವ ಟೊಳ್ಳು ಪ್ರಾಣಿಗಳನ್ನೂ ತರಬೇಡಿ. ತೂತಿನಿಂದ ನೀರು ಹೋಗಿ ಒಳಗೆಲ್ಲ ಬೂಸ್ಟು ಹಿಡಿಯುತ್ತೆ. ನಮ್ಮ ಮನೆಯ ಬಾತುಕೋಳಿ ಕತ್ತರಿಸಿ ನೋಡಿದ ದಿನ ಊಟ ಸೇರಲಿಲ್ಲ.

ಕೊಟ್ಟಿಗೆ ಡಾಕ್ಟರು:

ಪಶುವೈದ್ಯ ನಾನು, ಸ್ವಲ್ಪ ತಕರಾರು ತೆಗೆಯುತ್ತೇನೆ. ಮೇಡಂ, ನಿಮ್ಮ ಅತ್ತೆ ಊರಿನ ಡೈರಿಗೆ ಬೆಳಗ್ಗೆ ಆರು ಗಂಟೆಗೆ ಹೋಗಿ ನೋಡಿ. ಅಲ್ಲಿಗೆ ಬರುವ ಹಾಲಿನಲ್ಲಿ ಜಾಸ್ತಿ ಪಾಲು ಎಚ್‌ಎಫ್, ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನುವ ಕಪ್ಪು ಬಿಳಿ ವಿದೇಶಿ ಹಸುವಿನ ಮಿಶ್ರತಳಿಯದೇ. ಹಾಗಾಗಿ ನಿಮ್ಮ ಸೆಟ್ಟಿನ ಆ ಕಪ್ಪು ಬಿಳಿ ಹಸು ಈಗ ನಮ್ಮೂರಿನದೂ ಹೌದು. ಅದನ್ನು ಬಿಸಾಕಬೇಡಿ, ಸೀಮೆ ಹಸು ಅಂತ ಹೆಸರಿಟ್ಟು ಪಕ್ಕದಲ್ಲಿ ಒಂದು ನಾಟಿ ಹಸು ಇಡಿ. ಎರಡನ್ನೂ ಮುಟ್ಟಿ ನೋಡಿದರೆ ಡುಬ್ಬ ಯಾವುದಕ್ಕಿದೆ, ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಯಾವುದಕ್ಕಿದೆ ಅಂತ ಮಗು ತಾನೇ ಹೇಳುತ್ತೆ.

ಎಮ್ಮೆ ಕೊಳ್ಳುವಾಗ ಹುಷಾರು. ಬಫೆಲೋ ಅಂತ ಬರೆದು ಆಫ್ರಿಕಾದ ಕಾಡುಕೋಣ ಮಾರುತ್ತಾರೆ. ಹಣೆಯ ಮೇಲೆ ಎರಡೂ ಕೊಂಬು ಸೇರಿ ಟೋಪಿ ಇಟ್ಟ ಹಾಗೆ ಕಂಡರೆ ಅದು ನಮ್ಮದಲ್ಲ. ಮುರ್ರಾ ತಳಿಯ ಎಮ್ಮೆಗೆ ಸುರುಳಿ ಕೊಂಬು, ಧಾರವಾಡಿ ಎಮ್ಮೆಗೆ ಕುಡುಗೋಲಿನ ಹಾಗೆ ಹಿಂದಕ್ಕೆ ಬಾಗಿದ್ದು.

ಇನ್ನೊಂದು. ಆಟಿಕೆ ಹಿಡಿದು ಬರೀ "ಕೌ, ಕೌ" ಅನ್ನಿಸಬೇಡಿ ದಯವಿಟ್ಟು. ಹಸು, ಎತ್ತು, ಹೋರಿ, ಕರು. ಎಮ್ಮೆ, ಕೋಣ. ಕುರಿ, ಟಗರು. ಮೇಕೆ, ಹೋತ. ಹ್ಯಾಟೆ, ಹುಂಜ. ನನ್ನ ಹತ್ತಿರ ಬರುವ ಸಿಟಿ ಹುಡುಗರಿಗೆ ಎತ್ತಿಗೂ ಹೋರಿಗೂ ಏನು ವ್ಯತ್ಯಾಸ ಗೊತ್ತಿಲ್ಲ, ಅವರ ಅಪ್ಪಂದಿರಿಗೂ ಗೊತ್ತಿಲ್ಲ.

ಧಾರವಾಡದಾಕಿ:

ಇಷ್ಟೆಲ್ಲ ಯಾಕ್ರೀ? ನಮ್ಮ ಕಡೆ ಕಾರಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಪೇಟೆಯಲ್ಲಿ ಕುಂಬಾರರ ಮಣ್ಣಿನ ಎತ್ತು ಜೋಡಿ ಜೋಡಿ ಸಿಗುತ್ತವೆ, ಡುಬ್ಬ, ಕೊಂಬು ಎಲ್ಲ ಇರುತ್ತೆ. ನಾವು ಚಿಕ್ಕವರಿದ್ದಾಗ ಮನೆಯಲ್ಲೇ ಎರೆಮಣ್ಣು ನಾದಿ ಎತ್ತು ಮಾಡಿ, ಮುಂದೆ ಮೇವು ಹಾಕುವ ಒಂದು ಗೋದಲಿಯನ್ನೂ ಮಾಡುತ್ತಿದ್ದೆವು. ಪೂಜೆ ಮುಗಿದ ಮೇಲೆ ಅವು ನಮ್ಮವೇ. ಕುಂಟೆತ್ತು ಬಂದಿದೆ ಅಂತ ಹೇಳಿ ಮನೆಮನೆಗೆ ಹೋಗಿ ಜೋಳ ಕೇಳುತ್ತಿದ್ದೆವು. 800 ರೂಪಾಯಿಗೆ ಒಂದು ಹಸು ಅಂದರೆ ನಮ್ಮಜ್ಜಿ ನಿಜವಾದ ಹಸು ಅಂದುಕೊಳ್ಳುತ್ತಿದ್ದಳು.

ಮೂರನೇ ಮಹಡಿ ಅಮ್ಮ:

ಹಹ್ಹಾ, ನಿಮ್ಮಜ್ಜಿಗೆ ನಮಸ್ಕಾರ. ಡಾಕ್ಟರ್ ಸರ್, ನನಗೂ ಎತ್ತು ಹೋರಿ ವ್ಯತ್ಯಾಸ ಗೊತ್ತಿರಲಿಲ್ಲ, ನಮ್ಮ ಮನೆಯವರನ್ನು ಕೇಳಿದೆ, ಅವರು ಗೂಗಲ್ ಮಾಡಿದರು. ಮಾವನಿಗೆ ಫೋನ್ ಮಾಡಿ ಮಣ್ಣಿನ ಎತ್ತಿನ ವಿಷಯ ಹೇಳಿದೆ. ಮುಂದಿನ ಸಲ ಬರುವಾಗ ಕೆರೆ ಮಣ್ಣು ತರುತ್ತಾರಂತೆ. ಮೊದಲು ಹಳ್ಳಿಕಾರೇ ಮಾಡಬೇಕಂತೆ, ಜಿಂಕೆ ಆಮೇಲಂತೆ, ಇನ್ನೂ ಬಿಟ್ಟಿಲ್ಲ ನೋಡಿ. ಅಷ್ಟುದ್ದ ಕೊಂಬು ಒಣಗಿದ ಮೇಲೆ ಮುರಿಯದ ಹಾಗೆ ಏನು ಮಾಡುತ್ತೀರಿ?

ಧಾರವಾಡದಾಕಿ:

ಒಳಗೆ ಪೊರಕೆಕಡ್ಡಿ ಸಿಕ್ಕಿಸಿ ಮೇಲೆ ಮಣ್ಣು ಮೆತ್ತಿ, ನೆರಳಲ್ಲಿ ಒಣಗಿಸಿ. ಆದರೂ ಮುರಿಯುತ್ತೆ. ಆ ಕಡ್ಡಿ ಚಿಕ್ಕವನ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ.