ಶಾಶ್ವತ ಜೀವನಾಂಶ: ಇದರಲ್ಲಿ ಶಾಶ್ವತ ಯಾವುದು?

ಎಲ್ಲರಿಗೂ ನಮಸ್ಕಾರ.

ಕಳೆದ ವಾರ ನಮ್ಮ ಬೀದಿಯ ಹೆಣ್ಣುಮಗಳೊಬ್ಬರು ಕೋರ್ಟಿನ ಆದೇಶದ ಪ್ರತಿ ಹಿಡಿದು ಮನೆಗೆ ಬಂದರು. ನಾನು ವಕೀಲನಲ್ಲ. ಅನುವಾದ ಮಾಡುತ್ತೇನೆ ಅಂತ ಬೀದಿಗೆಲ್ಲ ಗೊತ್ತು, ಹಾಗಾಗಿ ಇಂಗ್ಲಿಷ್ ಕಾಗದ ಯಾರ ಮನೆಗೆ ಬಂದರೂ ಒಮ್ಮೆ ನನ್ನ ಮೇಜಿಗೂ ಬಂದು ಹೋಗುತ್ತದೆ. ಮೊದಲ ಪುಟದ ಮೇಲೆ ವಕೀಲರ ಗುಮಾಸ್ತರು ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದಿದ್ದರು: 'ಶಾಶ್ವತ ಜೀವನಾಂಶ 9 ಲಕ್ಷ, 3 ಕಂತು.' ಆಕೆ ಕೇಳಿದ್ದು ಒಂದೇ ಮಾತು. "ಶಾಶ್ವತ ಅಂತ ಬರೆದವರೇ ತಿಂಗಳ ದುಡ್ಡು ಯಾಕಣ್ಣ ನಿಲ್ಲಿಸಿದ್ರು?"

ಪ್ರಶ್ನೆ ಕಾನೂನಿನದಲ್ಲ, ಪದದ್ದು. ಅದಕ್ಕೇ ಇಲ್ಲಿಗೆ ತಂದಿದ್ದೇನೆ.

ಆಕೆಗೆ ಕೇಸು ನಡೆಯುವಾಗ ತಿಂಗಳಿಗೆ 7 ಸಾವಿರ ಬರುತ್ತಿತ್ತು. ಅದು 1955ರ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 24ರ ಕೆಳಗೆ ಸಿಗುವ ಮಧ್ಯಂತರ ಜೀವನಾಂಶ. ಕೇಸು ಮುಗಿದರೆ ಅದೂ ಮುಗಿಯಿತು. ತೀರ್ಪಿನ ಜೊತೆಗೋ ಆಮೇಲೋ ಕೊಡಿಸುವುದು ಸೆಕ್ಷನ್ 25ರದ್ದು. ಅದನ್ನು ತಿಂಗಳಿಗಿಷ್ಟು ಅಂತಲೂ ಕೊಡಿಸಬಹುದು, ಒಂದೇ ಮೊತ್ತವಾಗಿಯೂ ಕೊಡಿಸಬಹುದು. ಇಂಗ್ಲಿಷಿನಲ್ಲಿ ಅದರ ಹೆಸರಿಗೆ ಪರ್ಮನೆಂಟ್ ಅಂತ ಅಂಟಿಕೊಂಡಿದೆ. ನಾವು ಅದನ್ನೇ ಎತ್ತಿ ಶಾಶ್ವತ ಅಂತ ಮಾಡಿಬಿಟ್ಟೆವು. ಆದರೆ ಅದೇ ಸೆಕ್ಷನ್ ಪ್ರಕಾರ, ಯಾರದೇ ಪರಿಸ್ಥಿತಿ ಬದಲಾದರೂ ಕೋರ್ಟು ಮೊತ್ತವನ್ನು ಹೆಚ್ಚು ಕಡಿಮೆ ಮಾಡಬಹುದು, ರದ್ದೂ ಮಾಡಬಹುದು. ಪಡೆಯುವವರು ಮರುಮದುವೆಯಾದರೂ ಅಷ್ಟೇ. ಮಧ್ಯಂತರಕ್ಕೆ ಎದುರಾಗಿ ಮಾತ್ರ ಇದು ಶಾಶ್ವತ! ಕನ್ನಡದಲ್ಲಿ ಶಾಶ್ವತ ಅಂದರೆ ಸೂರ್ಯಚಂದ್ರರಿರೋ ತನಕ ಅಲ್ವಾ?

ಇನ್ನು 'ಅಂಶ'ದ ತಂಟೆ. ಅಂಶ ಅಂದರೆ ಪಾಲು ಅಂತ ಓದಿಕೊಂಡು, ಗಂಡನ ಆಸ್ತಿಯಲ್ಲಿ ಅರ್ಧ ಬರುತ್ತದೆ ಅಂತ ಆಕೆಯ ಅಣ್ಣ ಎರಡು ವರ್ಷದಿಂದ ಲೆಕ್ಕ ಹಾಕುತ್ತಿದ್ದರಂತೆ. ಕೋರ್ಟು ಹಾಗೆ ಪಾಲು ಮಾಡುವುದಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ಒಂದು ಪ್ರಕರಣದಲ್ಲಿ ಗಂಡನ ಕೈಗೆ ಬರುವ ಸಂಬಳದ 25% ಸರಿಯಾದ ಮೊತ್ತ ಅಂದಿತ್ತು. ಅದೇ ಊರೆಲ್ಲ ಸುತ್ತಿ 'ಕಾಲು ಪಾಲು ಕೊಡಲೇಬೇಕು' ಅಂತಾಗಿದೆ. ಅಂಥ ನಿಯಮವೇನೂ ಇಲ್ಲ. 2020ರ ನವೆಂಬರ್ 4ರ ರಜನೇಶ್ ಮತ್ತು ನೇಹಾ ಪ್ರಕರಣದ ತೀರ್ಪು ಬಂದ ಮೇಲೆ, ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲವನ್ನೂ ಅಫಿಡವಿಟ್ಟಿನಲ್ಲಿ ಬರೆದುಕೊಡಬೇಕು. ಮದುವೆ ಎಷ್ಟು ವರ್ಷ ನಡೆಯಿತು, ಹೇಗೆ ಬದುಕುತ್ತಿದ್ದರು, ಆಕೆಗೆ ಸ್ವಂತ ಸಂಪಾದನೆ ಇದೆಯಾ, ಮಕ್ಕಳನ್ನು ನೋಡಿಕೊಳ್ಳಲಿಕ್ಕೆ ಕೆಲಸ ಬಿಟ್ಟಿದ್ದಳಾ, ಆತನ ಮೇಲೆ ಇನ್ಯಾರು ಅವಲಂಬಿಸಿದ್ದಾರೆ, ಇವನ್ನೆಲ್ಲ ನೋಡಿ ಮೊತ್ತ ನಿಗದಿ ಮಾಡುತ್ತಾರೆ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು ಅಂತಲೂ ಆ ತೀರ್ಪು ಹೇಳಿತು. ಅಂದರೆ ಇಲ್ಲಿ ಅಂಶ ಅಂದರೆ ಬದುಕಿಗೆ ಬೇಕಾದಷ್ಟು, ಆಸ್ತಿಯ ಹಿಸ್ಸೆ ಅಲ್ಲ.

'ಪರಿಹಾರ' ಅಂತ ಬರೆಯುವವರೂ ಇದ್ದಾರೆ. ನನಗೆ ಅದು ಸುತರಾಂ ಒಪ್ಪಿಗೆಯಿಲ್ಲ. ಬಸ್ ಗುದ್ದಿದರೆ ಪರಿಹಾರ, ಬೆಳೆ ಹೋದರೆ ಪರಿಹಾರ. 2024ರ ಡಿಸೆಂಬರಿನಲ್ಲಿ ಒಬ್ಬರಿಗೆ 5 ಕೋಟಿ ಕೊಡಿಸಿದಾಗಲೂ ಸುಪ್ರೀಂ ಕೋರ್ಟು, ಇದು ಗಂಡನಿಗೆ ದಂಡ ಹಾಕುವುದಕ್ಕಲ್ಲ, ಹೆಂಡತಿ ಮರ್ಯಾದೆಯಿಂದ ಬದುಕುವುದಕ್ಕೆ ಅಂದಿತ್ತು. ಅಂದಹಾಗೆ 24, 25 ಎರಡರ ಕೆಳಗೂ ಗಂಡನೂ ಕೇಳಬಹುದು. ಆದರೆ ಕೋರ್ಟಿನ ಅಂಗಳದಲ್ಲಿ ಜನ ಸುಮ್ನೆ 'ಒನ್ ಟ್ವೆಂಟಿಫೈವ್ ಹಾಕಿದೀನಿ' ಅಂತಾರಲ್ಲ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 125, ಅದರಡಿ ಗಂಡ ಕೇಳುವ ಹಾಗಿಲ್ಲ. ಆ ಸೆಕ್ಷನ್ 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 144 ಆಗಿದೆ. ನಾಲಿಗೆಯ ಮೇಲೆ ಇನ್ನೂ 125.

ಪಕ್ಕದ ಭಾಷೆಗಳನ್ನು ನೋಡಿದೆ. ತಮಿಳಿನಲ್ಲೂ ಜೀವನಾಂಶಂ. ತೆಲುಗಿನಲ್ಲಿ ಭರಣಂ. ಮರಾಠಿಯ ಪೋಟಗಿ ನನಗೆ ಜಾಸ್ತಿ ಇಷ್ಟವಾಯಿತು, ಹೊಟ್ಟೆಯೇ ಅದರೊಳಗೆ ಕೂತಿದೆ. ನಮ್ಮಲ್ಲೂ 'ಹೊಟ್ಟೆಬಟ್ಟೆಗೆ' ಅನ್ನುವ ಮಾತಿದೆಯಲ್ಲ, ಕೋರ್ಟಿನ ಕಾಗದಕ್ಕೆ ಅದು ಯಾಕೆ ಹತ್ತಲಿಲ್ಲವೋ. ಉತ್ತರ ಕರ್ನಾಟಕದವರು, ನಿಮ್ಮ ಕಡೆ ಹಿರಿಯರು ಇದಕ್ಕೆ ಬೇರೆ ಮಾತು ಬಳಸುತ್ತಿದ್ದರೆ ದಯವಿಟ್ಟು ಬರೆಯಿರಿ. ಪೋಟಗಿ ಗಡಿ ದಾಟಿ ಬಂದಿದೆಯಾ?

ಸದ್ಯಕ್ಕೆ ನಾನು ಮಾಡಿದ್ದು ಇಷ್ಟು. ಕೇಸಿನ ಕಾಲದ್ದನ್ನು ಮಧ್ಯಂತರ ಜೀವನಾಂಶ ಅಂತಲೇ ಬಿಟ್ಟೆ. ಆಮೇಲಿನದಕ್ಕೆ 'ತೀರ್ಪಿನ ಜೀವನಾಂಶ' ಅಂದೆ. ಒಂದೇ ಮೊತ್ತವಾಗಿ ಕೊಟ್ಟರೆ 'ಇಡಿಗಂಟು'. 'ಅಂತಿಮ' ಅನ್ನೋಣ ಅಂತಲೂ ಯೋಚಿಸಿದೆ, ಆದರೆ ಅದು ಇನ್ನು ಬದಲಾಗುವುದೇ ಇಲ್ಲ ಅನ್ನುವ ಹಾಗೆ ಕೇಳಿಸುತ್ತದೆ. ಮತ್ತೆ ಶಾಶ್ವತದ ಗುಂಡಿಗೇ ಬಿದ್ದ ಹಾಗೆ.

ಈಗ ಇಡಿಗಂಟಿನಲ್ಲೇ ಸಿಕ್ಕಿಬಿದ್ದಿದ್ದೇನೆ. ಪತ್ರಿಕೆಗಳಲ್ಲಿ ಇಡಿಗಂಟು, ಇಡುಗಂಟು ಎರಡೂ ಕಾಣುತ್ತವೆ. ಇಡಿಯಾದ ಗಂಟು ಅಂದರೆ ಒಂದೇ ಸಲಕ್ಕೆ ಕೊಡುವುದು. ಇಡು ಅಂದರೆ ಕೂಡಿಟ್ಟದ್ದು, ನಿವೃತ್ತರಾಗುವಾಗ ಕೈಗೆ ಬರುವ ಹಣದ ಹಾಗೆ. ಇವು ಎರಡು ಪದಗಳಾ, ಇಲ್ಲ ಒಂದೇ ಪದದ ಎರಡು ಉಚ್ಚಾರಣೆಯಾ? ಮೂರು ಕಂತಿನಲ್ಲಿ ಬರುವ 9 ಲಕ್ಷವನ್ನು ಇಡಿಗಂಟು ಅನ್ನಬಹುದಾ? ಆಕೆಯ ಕಾಗದದ ಮೇಲಿದ್ದ 'ಶಾಶ್ವತ'ವನ್ನು ರಬ್ಬರಿನಲ್ಲಿ ಅಳಿಸಿ ಆ ಜಾಗ ಹಾಗೇ ಖಾಲಿ ಬಿಟ್ಟು ಕಳಿಸಿದ್ದೇನೆ, ಭಾನುವಾರ ಮತ್ತೆ ಬರುತ್ತಾರೆ.