ದೊಡ್ಡಬಳ್ಳಾಪುರವನ್ನೂ ಸಬ್ಸಿಡಿ ವಲಯಕ್ಕೆ ಸೇರಿಸಿದರೆ ನಮ್ಮಂಥ ಸಣ್ಣವರಿಗೆ ಏನು ಸಿಗುತ್ತದೆ?

ಬಾಶೆಟ್ಟಿಹಳ್ಳಿ ಟರ್ನರ್:

ಎಲ್ಲರಿಗೂ ನಮಸ್ಕಾರ. ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ ಹತ್ತಿರ ನನ್ನದೊಂದು ಸಣ್ಣ ಮಷೀನ್ ಶಾಪ್ ಇದೆ. ಎರಡು ಸಿಎನ್‌ಸಿ, ಒಂದು ಹಳೇ ಲೇತ್, ಆರು ಹುಡುಗರು. ದೊಡ್ಡ ಕಂಪನಿಗಳಿಗೆ ಬುಷ್, ಪಿನ್ ಜಾಬ್ ವರ್ಕ್ ಮಾಡಿಕೊಡುತ್ತೇವೆ.

ರಾಜ್ಯದ ಕೈಗಾರಿಕಾ ನೀತಿಯಲ್ಲಿ ತಾಲ್ಲೂಕುಗಳನ್ನು ಮೂರು ವಲಯ ಮಾಡಿದ್ದಾರೆ. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆ ಮೂರನೇ ವಲಯ. ರಿಯಾಯಿತಿ ವಿಷಯದಲ್ಲಿ ನಾವು ಕೊನೆಯವರು. ಬೈಕ್ ಹತ್ತಿದರೆ ಒಂದು ಗಂಟೆ, ಗೌರಿಬಿದನೂರು. ಅಲ್ಲಿ ರಿಯಾಯಿತಿ ಜಾಸ್ತಿ, ಕಥೆಯೇ ಬೇರೆ. ಅದನ್ನು ದಾಟಿದರೆ ಹಿಂದೂಪುರ, ಆಂಧ್ರ. ಪೆನುಕೊಂಡ ಹತ್ತಿರ ಕಿಯಾ ಕಾರ್ ಫ್ಯಾಕ್ಟರಿ ಬಂದಿದ್ದು ಎಲ್ಲರಿಗೂ ಗೊತ್ತು. 2025ರ ಜುಲೈನಲ್ಲಿ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ಏರೋಸ್ಪೇಸ್ ಪಾರ್ಕಿಗೆ ಅಂತ ಮಾಡುತ್ತಿದ್ದ 1,777 ಎಕರೆ ಭೂಸ್ವಾಧೀನವನ್ನು ನಮ್ಮ ಸರ್ಕಾರ ಕೈಬಿಟ್ಟಿತು. ಕೂಡಲೇ ಆಂಧ್ರದ ಸಚಿವ ನಾರಾ ಲೋಕೇಶ್, ನಮ್ಮಲ್ಲಿ 8 ಸಾವಿರ ಎಕರೆಗೂ ಜಾಸ್ತಿ ಜಮೀನು ರೆಡಿ ಇದೆ, ಬನ್ನಿ ಅಂತ ವಿಮಾನದ ಬಿಡಿಭಾಗ ಮಾಡುವವರನ್ನು ಕರೆದರು. ರೈತರು ಜಮೀನು ಉಳಿಸಿಕೊಂಡಿದ್ದು ಸರಿ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ನನ್ನ ಒಬ್ಬ ಗಿರಾಕಿ ಆಗಲೇ ಹಿಂದೂಪುರದ ಕಡೆ ಜಾಗ ನೋಡಿ ಬಂದಿದ್ದಾರೆ. ‘ನೀವೂ ಆ ಕಡೆ ಶಿಫ್ಟ್ ಮಾಡಿಬಿಡಿ’ ಅಂತ ತಮಾಷೆ ಮಾಡಿದ ಹಾಗೆ ಹೇಳುತ್ತಾರೆ. ನನಗೆ ನಗು ಬರುತ್ತಿಲ್ಲ.

ಈಗ ನಮ್ಮ ಕಡೆ ಕೆಲವರು ಒಂದು ಮನವಿ ಸಿದ್ಧ ಮಾಡುತ್ತಿದ್ದಾರೆ. ಎರಡನೇ ವಲಯವನ್ನು ನಮ್ಮ ತಾಲ್ಲೂಕಿನವರೆಗೆ ವಿಸ್ತರಿಸಬೇಕು ಅಂತ. ನನ್ನ ಸಹಿ ಕೇಳಿದ್ದಾರೆ. ಹಾಕಲಾ, ಬೇಡವಾ? ಅನುಭವ ಇರುವವರು ಹೇಳಿ. ‘ಅಭಿವೃದ್ಧಿ ಆಗಬೇಕು’ ಅನ್ನೋ ಭಾಷಣ ಬೇಡ, ಅದು ಮೀಟಿಂಗಿನಲ್ಲಿ ಬೇಕಾದಷ್ಟು ಆಗಿದೆ.

ಗೌರಿಬಿದನೂರು ಕಾರ್ಟನ್:

ನಿಮ್ಮ ‘ಕಥೆಯೇ ಬೇರೆ’ ಊರಿನವನು ನಾನೇ. ರಟ್ಟಿನ ಪೆಟ್ಟಿಗೆ ಮಾಡುತ್ತೇನೆ.

ಸ್ಟ್ಯಾಂಪ್ ಡ್ಯೂಟಿ ವಿನಾಯಿತಿ ಕೈಗೆ ಸಿಕ್ಕಿತು, ಸುಳ್ಳು ಹೇಳಬಾರದು. ಸಾಲದ ಪತ್ರ ಮಾಡಿಸುವಾಗಲೇ ಉಳಿಯಿತು. ಕರೆಂಟ್ ಬಿಲ್ಲಿನಲ್ಲಿ ಶೇ 9ರಷ್ಟು ವಿದ್ಯುತ್ ತೆರಿಗೆ ಬರುತ್ತದಲ್ಲ, ಅದರ ವಿನಾಯಿತಿಯೂ ಪರವಾಗಿಲ್ಲ, ಕಾಗದ ಓಡಾಡಿಸಿದ ಮೇಲೆ ಆಯಿತು. ಬಂಡವಾಳ ಸಬ್ಸಿಡಿ ಮಾತ್ರ ಕೇಳಬೇಡಿ. ಮಂಜೂರಾತಿ ಪತ್ರ ಬೇಗ ಬಂತು. ದುಡ್ಡು ಬಂದಿದ್ದು ಆ ಮಷೀನಿನ ಸಾಲ ಅರ್ಧ ತೀರಿದ ಮೇಲೆ. ‘ಅನುದಾನ ಬಂದಿಲ್ಲ, ಬಂದಾಗ ಸೀನಿಯಾರಿಟಿ ಪ್ರಕಾರ’ ಅನ್ನುತ್ತಿದ್ದರು. ಅಷ್ಟರಲ್ಲಿ ಬ್ಯಾಂಕಿಗೆ ಕಟ್ಟಿದ ಬಡ್ಡಿ ಯಾವ ವಲಯಕ್ಕೆ ಸೇರಿತು?

ಸಬ್ಸಿಡಿ ಇಲ್ಲ ಅಂತಲೇ ಲೆಕ್ಕ ಹಾಕಿ. ಹಾಗೆ ಹಾಕಿದರೂ ನಡೆಯುವ ಹಾಗಿದ್ದರೆ ಮಾತ್ರ ಮಷೀನ್ ತನ್ನಿ.

ಇನ್ನೊಂದು. ನೀವು ವಿಮಾನ ನಿಲ್ದಾಣಕ್ಕೆ ಹತ್ತಿರ, ಕೆಲಸಗಾರರು ನಿಮಗೆ ಸುಲಭಕ್ಕೆ ಸಿಗುತ್ತಾರೆ. ನಮಗೆ ಇದ್ದ ಒಂದೇ ಆಕರ್ಷಣೆ ಈ ವಲಯ. ಅದನ್ನೂ ನಿಮಗೆ ಕೊಟ್ಟರೆ ನಮ್ಮೂರಿಗೆ ಯಾರು ಬರುತ್ತಾರೆ ಹೇಳಿ. ಬೇಜಾರು ಮಾಡಿಕೊಳ್ಳಬೇಡಿ, ನಾನಂತೂ ನಿಮ್ಮ ಮನವಿಗೆ ವಿರೋಧವೇ.

ಬದ್ದಿಯಿಂದ ವಾಪಸ್:

ಟರ್ನರ್ ಅವರೇ, ಮನೆಯಲ್ಲಿ ಜ್ವರದ ಮಾತ್ರೆಯ ಸ್ಟ್ರಿಪ್ ಇದ್ದರೆ ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿ. ಬದ್ದಿ, ಸೋಲನ್ ಜಿಲ್ಲೆ, ಹಿಮಾಚಲ ಪ್ರದೇಶ ಅಂತ ಇದ್ದರೆ ಆಶ್ಚರ್ಯ ಇಲ್ಲ. ನಾನು ಹಾವೇರಿ ಕಡೆಯವನು. ಡಿಪ್ಲೊಮಾ ಮುಗಿಸಿ ಕೆಲಸ ಹುಡುಕಿಕೊಂಡು ಅಲ್ಲಿಗೆ ಹೋದೆ. ಒಂದು ಔಷಧ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ, ಮಾತ್ರೆಗಳನ್ನು ಸ್ಟ್ರಿಪ್ಪಿಗೆ ತುಂಬುವ ಬ್ಲಿಸ್ಟರ್ ಮಷೀನ್ ನೋಡಿಕೊಳ್ಳುತ್ತಿದ್ದೆ. ತೆರಿಗೆ ರಿಯಾಯಿತಿ ಒಂದು ಊರನ್ನು ಏನು ಮಾಡುತ್ತದೆ ಅಂತ ಅಲ್ಲಿ ನೋಡಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

2003ರ ಜನವರಿಯಲ್ಲಿ ವಾಜಪೇಯಿ ಸರ್ಕಾರ ಹಿಮಾಚಲಕ್ಕೂ ಉತ್ತರಾಂಚಲಕ್ಕೂ (ಈಗಿನ ಉತ್ತರಾಖಂಡ) ಒಂದು ಪ್ಯಾಕೇಜ್ ಕೊಟ್ಟಿತು. ಹೊಸ ಕಾರ್ಖಾನೆಗೆ 10 ವರ್ಷ ಕೇಂದ್ರದ ಅಬಕಾರಿ ಸುಂಕ, ಅಂದರೆ ಕಾರ್ಖಾನೆಯಲ್ಲಿ ತಯಾರಾದ ಮಾಲಿನ ಮೇಲಿನ ತೆರಿಗೆ, ಪೂರ್ತಿ ಮಾಫಿ. ಆದಾಯ ತೆರಿಗೆ ಮೊದಲ 5 ವರ್ಷ ಪೂರ್ತಿ ಇಲ್ಲ, ಮುಂದಿನ 5 ವರ್ಷ ಕಂಪನಿಗಳಿಗೆ ಲಾಭದ ಶೇ 30ರಷ್ಟಕ್ಕೆ ಇಲ್ಲ. ಹಿಮಾಚಲ ಅಂದ ಕೂಡಲೇ ಹಿಮ, ಸೇಬು ಅಂದುಕೊಳ್ಳಬೇಡಿ. ಬದ್ದಿ ಇರುವುದು ಗುಡ್ಡದ ಬುಡದಲ್ಲಿ, ಹರಿಯಾಣ ಮತ್ತು ಪಂಜಾಬಿನ ಗಡಿಗೆ ಅಂಟಿಕೊಂಡು. ಮ್ಯಾನೇಜರುಗಳು ಚಂಡೀಗಢದಲ್ಲಿ ಮನೆ ಮಾಡಿ ದಿನಾ ಕಾರಿನಲ್ಲಿ ಬರುತ್ತಿದ್ದರು. ರಾಜ್ಯದ ಗಡಿ ದಾಟಿ ನಾಲ್ಕು ಹೆಜ್ಜೆ ಇಟ್ಟರೆ ತೆರಿಗೆ ಇಲ್ಲ ಅಂದರೆ ಯಾರು ಬಿಡುತ್ತಾರೆ?

ಅದರಲ್ಲೂ ಔಷಧದವರೇ ಯಾಕೆ ಮುಗಿಬಿದ್ದರು ಅಂದರೆ, 2005ರ ಜನವರಿಯಲ್ಲಿ ಔಷಧದ ಮೇಲಿನ ಸುಂಕವನ್ನು ಎಂಆರ್‌ಪಿ ಆಧಾರಕ್ಕೆ ಬದಲಾಯಿಸಿದರು. ಲೆಕ್ಕ ನೋಡಿ. ಮಾತ್ರೆ ಮಾಡುವವನು ಒಂದು ಸ್ಟ್ರಿಪ್ಪನ್ನು ಬ್ರ್ಯಾಂಡಿನವರಿಗೆ 4 ರೂಪಾಯಿಗೆ ಕೊಡುತ್ತಾನೆ ಅಂತಿಟ್ಟುಕೊಳ್ಳಿ. ಅಂಗಡಿಯಲ್ಲಿ ಎಂಆರ್‌ಪಿ 20 ರೂಪಾಯಿ. ಮೊದಲು 4 ರೂಪಾಯಿಯ ಮೇಲೆ ಶೇ 16, ಅಂದರೆ 64 ಪೈಸೆ. ಆಮೇಲೆ ಎಂಆರ್‌ಪಿಯಲ್ಲಿ ಶೇ 40 ಕಳೆದು, ಉಳಿದ 12 ರೂಪಾಯಿಯ ಮೇಲೆ ಶೇ 16. ಅದು 1 ರೂಪಾಯಿ 92 ಪೈಸೆ. 4 ರೂಪಾಯಿ ಮಾಲಿಗೆ ಸುಮಾರು 2 ರೂಪಾಯಿ ಸುಂಕ! ಬದ್ದಿಯಲ್ಲಿ ಅದೇ ಮಾಲಿಗೆ ಸೊನ್ನೆ. ಬೇರೆ ರಾಜ್ಯದ ಸಣ್ಣ ಔಷಧ ತಯಾರಕರಿಗೆ ಆರ್ಡರ್ ಕೊಡುವವರೇ ಇಲ್ಲದಂತಾಯಿತು.

ದೇಶದಲ್ಲಿ ಜ್ವರ ಬರುವವರ ಸಂಖ್ಯೆ ಏನೂ ಜಾಸ್ತಿಯಾಗಿರಲಿಲ್ಲ. ಮಾತ್ರೆ ಒತ್ತುವ ಜಾಗ ಬದಲಾಯಿತು, ಅಷ್ಟೇ. ಹಳೇ ಮಷೀನ್ ಎತ್ತಿಕೊಂಡು ಬಂದು ಹೊಸ ಘಟಕ ಅನ್ನಬಾರದು ಅಂತ ಆದಾಯ ತೆರಿಗೆ ಕಾನೂನಿನಲ್ಲಿ ಷರತ್ತು ಇತ್ತು, ಬಳಸಿದ ಯಂತ್ರ ಒಟ್ಟು ಮೌಲ್ಯದ ಶೇ 20 ಮೀರಬಾರದು ಅಂತ. ಒಳ್ಳೆಯ ಷರತ್ತೇ. ಆದರೆ ಯಂತ್ರ ಹಳೇ ಊರಿನಲ್ಲೇ ಬಿಟ್ಟು, ಆರ್ಡರ್ ಮಾತ್ರ ಬದ್ದಿಗೆ ತಂದರೆ ಯಾವ ಷರತ್ತು ತಡೆಯುತ್ತದೆ? ನಿಮ್ಮ ಗಿರಾಕಿಯೂ ಹಿಂದೂಪುರಕ್ಕೆ ನಿಮ್ಮ ಲೇತ್ ಹೊತ್ತುಕೊಂಡು ಹೋಗುವುದಿಲ್ಲ, ಆರ್ಡರ್ ಹೊತ್ತುಕೊಂಡು ಹೋಗುತ್ತಾರೆ.

ಸುಂಕ ಮಾಫಿಗೆ ಉತ್ಪಾದನೆ ಶುರು ಮಾಡಲು ಮೊದಲು 2007ರ ಮಾರ್ಚ್ ಕಡೇ ದಿನ ಅಂತಿತ್ತು. ಆಮೇಲೆ 2010ರ ಮಾರ್ಚ್ 31ಕ್ಕೆ ವಿಸ್ತರಿಸಿದರು. ಆ ಕೊನೆಯ ತಿಂಗಳು ನೋಡಬೇಕಿತ್ತು. ನಮ್ಮ ಪಕ್ಕದ ಶೆಡ್ಡಿಗೆ ಇನ್ನೂ ಕರೆಂಟ್ ಬಂದಿರಲಿಲ್ಲ, ಗೋಡೆಗೆ ಪೇಂಟ್ ಹಸಿ ಇತ್ತು. ಬಾಡಿಗೆಗೆ ಜನರೇಟರ್ ತಂದು, ನಮ್ಮ ಕಡೆಯಿಂದ ಒಬ್ಬ ಆಪರೇಟರನ್ನು ಸಾಲ ಪಡೆದು, ಒಂದು ಬ್ಯಾಚ್ ಮಾತ್ರೆ ಒತ್ತಿ, ಬಿಲ್ ಹರಿದು ಲಾರಿಗೆ ಹಾಕಿದರು. ಉತ್ಪಾದನೆ ಶುರು! ಆಮೇಲೆ ಆ ಶೆಡ್ಡಿಗೆ ತಿಂಗಳುಗಟ್ಟಲೆ ಬೀಗ.

ಇನ್ನು ರಿಯಾಯಿತಿ ಮುಗಿದ ಮೇಲೆ ಏನಾಯಿತು ಅನ್ನೋದು ನಿಮಗೆ ಮುಖ್ಯ. ಔಷಧದ ಸುಂಕವೇ 2008ರಲ್ಲಿ ಶೇ 16ರಿಂದ 8ಕ್ಕೆ, ಅದೇ ವರ್ಷ ಡಿಸೆಂಬರಿನಲ್ಲಿ 4ಕ್ಕೆ ಇಳಿದಿತ್ತು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಆ ಮಾಫಿಯೇ ಹೋಯಿತು. ಬದಲಿಗೆ, ಅವಧಿ ಉಳಿದಿದ್ದ ಘಟಕಗಳಿಗೆ ಕಟ್ಟಿದ ಕೇಂದ್ರ ಜಿಎಸ್‌ಟಿಯಲ್ಲಿ ಶೇ 58 ವಾಪಸ್ ಕೊಟ್ಟರು. 58 ಯಾಕೆ ಅಂದರೆ, ಕೇಂದ್ರದ ತೆರಿಗೆಯಲ್ಲಿ ಶೇ 42 ಆಗ ರಾಜ್ಯಗಳ ಪಾಲು, ತನ್ನ ಕೈಯಲ್ಲಿ ಉಳಿಯುವುದನ್ನಷ್ಟೇ ಕೇಂದ್ರ ವಾಪಸ್ ಕೊಟ್ಟಿತು. ಈಗ ಅದೂ ಮುಗಿದಿದೆ. ಬದ್ದಿ ಖಾಲಿ ಆಗಿದೆಯಾ? ಇಲ್ಲ.

ಯಾಕೆ ಅಂತ ನನ್ನ ಮಷೀನಿನಿಂದಲೇ ಹೇಳುತ್ತೇನೆ. ನಾನು ಸೇರಿದಾಗ ಬ್ಲಿಸ್ಟರ್ ಮಷೀನಿನ ಫಾರ್ಮಿಂಗ್ ಡೈ (ಮಾತ್ರೆ ಕೂರುವ ಗುಳಿ ಒತ್ತುವ ಅಚ್ಚು) ಹಾಳಾದರೆ ಮುಂಬಯಿಗೆ ಕಳಿಸಬೇಕಿತ್ತು, ಲೈನ್ ಅಷ್ಟು ದಿನವೂ ಬಂದ್. ಕೆಲಸ ಬಿಡುವ ಹೊತ್ತಿಗೆ ಹಿಂದಿನ ಓಣಿಯಲ್ಲೇ ಒಬ್ಬರು ಸರ್ದಾರ್‌ಜಿ ಹೊಸ ಡೈ ಮಾಡಿ ಸಂಜೆಗೆ ಕೊಡುತ್ತಿದ್ದರು. ಫಾಯಿಲ್ ಮೇಲೆ ಪ್ರಿಂಟ್ ಹಾಕುವವರು, ಕಾರ್ಟನ್‌ನವರು, ಟೆಸ್ಟಿಂಗ್ ಲ್ಯಾಬ್, ಲೈಸೆನ್ಸ್ ಕಾಗದ ಗೊತ್ತಿರುವ ಕೆಮಿಸ್ಟುಗಳು, ಎಲ್ಲ ಹಾಗೇ ಸುತ್ತ ಹುಟ್ಟಿಕೊಂಡರು. ರಿಯಾಯಿತಿ ಕಂಪನಿಗಳನ್ನು ಕರೆತಂದಿತು. ಅವು ಬಿಟ್ಟು ಹೋಗದ ಹಾಗೆ ಹಿಡಿದಿದ್ದು ಈ ಜನ. ಅಂದರೆ ನಿಮ್ಮಂಥವರು. ಆ ಸರ್ದಾರ್‌ಜಿಯ ಲೇತಿಗೆ ಯಾವ ಸಬ್ಸಿಡಿಯೂ ಸಿಕ್ಕಿರಲಿಲ್ಲ, ಅದು ಬೇರೆ ಮಾತು.

ಅಲ್ಲಿ ಸಿರ್ಸಾ ಅಂತ ಒಂದು ನದಿ ಇದೆ. ಕಾರ್ಖಾನೆ ಕೊಳಚೆಯಿಂದ ಕೆಟ್ಟ ಅದರ ನೀರಿನ ಬಗ್ಗೆ ಬರೆಯಲು ಹೋದರೆ ಇನ್ನೊಂದು ಪುಟ ಬೇಕು. ನಿಮ್ಮ ದೊಡ್ಡತುಮಕೂರು ಕೆರೆ ನೋಡಿದವರಿಗೆ ನಾನು ಹೇಳುವುದು ಬೇಡ.

ಬಾಶೆಟ್ಟಿಹಳ್ಳಿ ಟರ್ನರ್:

ಬಹಳ ಉಪಕಾರ ಆಯಿತು ಸರ್. ಸ್ಟ್ರಿಪ್ ನೋಡಿದೆ, ಬದ್ದಿಯೇ!

ಹಾಗಾದರೆ ವಲಯ ಕೆಲಸ ಮಾಡುತ್ತದೆ ಅಂತಲೇ ಆಯಿತಲ್ಲ? ನಮಗೂ ಬೇಕು ಅನ್ನೋದಕ್ಕೆ ಬದ್ದಿಯೇ ಸಾಕ್ಷಿ ಅಲ್ವಾ? ಕಾರ್ಟನ್ ಅವರಿಗೆ: ನಿಮ್ಮ ವಿರೋಧ ನ್ಯಾಯವೇ. ಆದರೆ ನನ್ನ ಗಿರಾಕಿ ನಿಮ್ಮೂರಿಗೆ ಬರುತ್ತಿಲ್ಲ, ನಿಮ್ಮನ್ನೂ ದಾಟಿ ಹೋಗುತ್ತಿದ್ದಾರೆ.

ಯಾದಗಿರಿ ಹುಡುಗಿ:

ರೀ ಅಣ್ಣಾರ, ವಲಯ ಕೊಟ್ಟ ಮಾತ್ರಕ್ಕೆ ಎಲ್ಲ ಬರಂಗಿದ್ರೆ ನಮ್ಮ ಜಿಲ್ಲಾ ಇವತ್ತು ಬೆಂಗಳೂರು ಆಗಬೇಕಿತ್ತು.

ನಂಜುಂಡಪ್ಪ ಸಮಿತಿ 2002ರಲ್ಲಿ 114 ಹಿಂದುಳಿದ ತಾಲ್ಲೂಕು ಪಟ್ಟಿ ಮಾಡಿತ್ತು, 39 ಅತ್ಯಂತ ಹಿಂದುಳಿದವು. ಆಮೇಲೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಕೂಡ ಬಂತು. ರಿಯಾಯಿತಿ ಪಟ್ಟಿಯಲ್ಲಿ ನಾವು ಯಾವತ್ತೂ ಮೇಲೆಯೇ. ಕಡೇಚೂರು-ಬಾಡಿಯಾಳದಲ್ಲಿ 3 ಸಾವಿರ ಎಕರೆಗೂ ಜಾಸ್ತಿ ಜಮೀನು ತೆಗೆದುಕೊಂಡರು. ರೈಲ್ವೆ ಬೋಗಿ ಕಾರ್ಖಾನೆ ಬಂತು, ಅದು ಒಳ್ಳೆಯದೇ. ಉಳಿದಂತೆ ಬಂದಿದ್ದರಲ್ಲಿ ಔಷಧ-ರಾಸಾಯನಿಕ ಘಟಕಗಳೇ ಜಾಸ್ತಿ. ಬೇರೆ ಕಡೆ ಜನ ಬೇಡ ಅಂದಿದ್ದು ನಮ್ಮಲ್ಲಿಗೆ ಬರುತ್ತದೆ ಅಂತ ಊರವರು ಮಾತಾಡುತ್ತಾರೆ. ಸುತ್ತಲಿನ ಹಳ್ಳಿಯವರು ರಾತ್ರಿ ವಾಸನೆಗೆ ಕಿಟಕಿ ಹಾಕಿಕೊಂಡು ಮಲಗುತ್ತಾರೆ, ಬೇಸಿಗೆಯಲ್ಲೂ.

ಗ್ರಾಮ ಪಂಚಾಯ್ತಿಗೆ ಎಷ್ಟು ತೆರಿಗೆ ಬರುತ್ತದೆ ಅಂತಲೂ ನಿಮ್ಮ ಮನವಿಯಲ್ಲಿ ಒಂದು ಸಾಲು ಕೇಳಿ. ರಸ್ತೆ ಕೆಡುವುದು ಪಂಚಾಯ್ತಿಯದ್ದು, ಕಸ ಬೀಳುವುದು ಪಂಚಾಯ್ತಿಯಲ್ಲಿ. ರಿಯಾಯಿತಿ ಘೋಷಿಸುವವರು ವಿಧಾನಸೌಧದಲ್ಲಿ ಕೂತಿರುತ್ತಾರೆ.

ಬದ್ದಿಯಿಂದ ವಾಪಸ್:

ಟರ್ನರ್ ಅವರೇ, ಬದ್ದಿಯನ್ನು ಸಾಕ್ಷಿಗೆ ಕರೆಯುವ ಮುಂಚೆ ಒಂದು ವ್ಯತ್ಯಾಸ ನೋಡಿ. ಅಲ್ಲಿ ಬಿಟ್ಟುಕೊಟ್ಟಿದ್ದು ಬಹುಪಾಲು ಕೇಂದ್ರದ ತೆರಿಗೆ, ಲಾಭ ಹಿಮಾಚಲಕ್ಕೆ. ಗೇಟಿನಲ್ಲೇ ಮಾಫಿ, ಯಾವ ಕಚೇರಿಗೂ ಅಲೆಯಬೇಕಿರಲಿಲ್ಲ. ಈಗ ಒಂದು ತಾಲ್ಲೂಕಿನಲ್ಲಿ ಜಿಎಸ್‌ಟಿ ಇಲ್ಲ ಅನ್ನುವ ಅಧಿಕಾರ ರಾಜ್ಯಕ್ಕಿಲ್ಲ. ಎಲ್ಲರೂ ಕಟ್ಟಬೇಕು, ಆಮೇಲೆ ರಾಜ್ಯ ತನ್ನ ಬಜೆಟ್ಟಿನಿಂದ ಸಬ್ಸಿಡಿ ಅಂತ ಕೊಡಬೇಕು. ಕಾರ್ಟನ್ ಅವರ ಕಥೆ ಅದೇ. ಬಜೆಟ್ಟಿನ ದುಡ್ಡು ಅಷ್ಟೇ ಇಟ್ಟು ತಾಲ್ಲೂಕು ಜಾಸ್ತಿ ಮಾಡಿದರೆ, ಪಾಯಸದ ಪಾತ್ರೆ ಅದೇ, ಎಲೆ ಮಾತ್ರ ಜಾಸ್ತಿ. ಅವರ ಬಾಕಿ ಇನ್ನೂ ತಡವಾಗುತ್ತದೆ, ನಿಮ್ಮದೂ ಆ ಸಾಲಿನ ಹಿಂದೆ ನಿಲ್ಲುತ್ತದೆ.

ದೊಡ್ಡಬಳ್ಳಾಪುರದಿಂದ ಜನ ಹೋಗುತ್ತಿರುವುದು ತೆರಿಗೆಗಲ್ಲ, ಜಮೀನಿನ ರೇಟಿಗೆ ಅಂತ ನನ್ನ ಅನುಮಾನ. ಗಿರಾಕಿಯನ್ನೇ ಬಿಡಿಸಿ ಕೇಳಿ. ಜಮೀನೇ ಕಾರಣ ಆಗಿದ್ದರೆ ಯಾವ ವಲಯವೂ ಅದನ್ನು ತುಂಬಿಕೊಡುವುದಿಲ್ಲ.

ಸಹಿ ಹಾಕುವುದಾದರೆ ನಾನಾಗಿದ್ದರೆ ಮನವಿಯನ್ನೇ ತಿದ್ದಿಸುತ್ತಿದ್ದೆ. ಹೊಸ ದೊಡ್ಡ ಶೆಡ್ಡಿಗೆ ಮಾತ್ರ ಅಲ್ಲ, ಈಗಾಗಲೇ ನಡೆಯುತ್ತಿರುವ ಸಣ್ಣ ಘಟಕ ಒಂದು ಮಷೀನ್ ಸೇರಿಸಿದರೂ ರಿಯಾಯಿತಿ ಕೊಡಿ. ಬದ್ದಿಯಲ್ಲೂ ಹಳೇ ಘಟಕ ಸಾಮರ್ಥ್ಯವನ್ನು ಶೇ 25 ಜಾಸ್ತಿ ಮಾಡಿದರೆ ಸುಂಕ ಮಾಫಿ ಸಿಗುತ್ತಿತ್ತು, ಹೊಸ ಮಾತೇನಲ್ಲ. ಮಂಜೂರಾದ ದುಡ್ಡು ತಡವಾದರೆ ಬಡ್ಡಿ ಸೇರಿಸಿ ಕೊಡಿ. ಕೊಳಚೆ ನೀರಿಗೆ ಒಂದು ಸಾಮಾನ್ಯ ಶುದ್ಧೀಕರಣ ಘಟಕ ಕಟ್ಟುವ ತನಕ ಬಣ್ಣ, ರಾಸಾಯನಿಕದವರಿಗೆ ವಿಸ್ತರಣೆ ಬೇಡ. ಬಾಕಿಯೆಲ್ಲ ಸುಮ್ನೆ.

ಗೌರಿಬಿದನೂರು ಕಾರ್ಟನ್:

ಬಡ್ಡಿಯ ಸಾಲು ಇದ್ದರೆ ನನ್ನದೂ ಒಂದು ಸಹಿ ತೆಗೆದುಕೊಳ್ಳಿ. ಉಳಿದದ್ದಕ್ಕೆ ವಿರೋಧ ಹಾಗೇ ಇದೆ.

ಬಾಶೆಟ್ಟಿಹಳ್ಳಿ ಟರ್ನರ್:

ಗಿರಾಕಿಗೆ ಫೋನ್ ಮಾಡಿದೆ. ನೇರವಾಗಿ ಕೇಳಿದೆ. ಜಮೀನಿನ ರೇಟೇ ಅಂತೆ, ಸಬ್ಸಿಡಿ ಆಮೇಲಿನ ಮಾತು ಅಂದರು. ಇಲ್ಲಿ ಅರ್ಧ ಎಕರೆಗೆ ಕೇಳುವ ದುಡ್ಡಿಗೆ ಅಲ್ಲಿ ಶೆಡ್ ಸಮೇತ ಆಗುತ್ತದಂತೆ. ಡೈ, ಬುಷ್ ಎಲ್ಲ ಸದ್ಯಕ್ಕೆ ನಮ್ಮ ಹತ್ತಿರವೇ ಮಾಡಿಸಿ ವಾರಕ್ಕೊಮ್ಮೆ ಟೆಂಪೋದಲ್ಲಿ ಒಯ್ಯುತ್ತಾರಂತೆ. ಅದು ಎಷ್ಟು ದಿನವೋ.

ಮನವಿಗೆ ಸದ್ಯ ಸಹಿ ಹಾಕಿಲ್ಲ. ಹಳೇ ಘಟಕದ ವಿಸ್ತರಣೆ, ತಡವಾದರೆ ಬಡ್ಡಿ, ನೀರು, ಪಂಚಾಯ್ತಿ ತೆರಿಗೆ, ಈ ನಾಲ್ಕನ್ನೂ ಬರೆದು ಕೊಟ್ಟಿದ್ದೇನೆ. ಮೊದಲ ಎರಡು ಸೇರಿಸುತ್ತೇವೆ ಅಂದಿದ್ದಾರೆ. ನೀರಿನ ವಿಷಯ ಎತ್ತಿದ ಕೂಡಲೇ ಒಬ್ಬರು ‘ಅದನ್ನೆಲ್ಲ ಈಗ ಯಾಕೆ?’ ಅಂದರು. ಅವರದು ಬಟ್ಟೆಗೆ ಬಣ್ಣ ಹಾಕುವ ಘಟಕ. ಭಾನುವಾರ ಮತ್ತೆ ಮೀಟಿಂಗ್ ಇದೆ, ಈ ಭಾಗದವರು ಯಾರಾದರೂ ಬರುವುದಿದ್ದರೆ ಮೆಸೇಜ್ ಮಾಡಿ, ಜಾಗ ಹೇಳುತ್ತೇನೆ.